ಗ್ರಹಣದ ದಿನ ಬಂದ ಜೀಪು

ಸುಗುಣಳ ಅಜ್ಜಿ ಹೇಳುತ್ತಿದ್ದ ಕಥೆಯಲ್ಲಿ ರಾಹುವಿಗೆ ತಲೆ ಮಾತ್ರ ಇತ್ತು, ಹೊಟ್ಟೆ ಇರಲಿಲ್ಲ. ಅವನು ಎಷ್ಟು ಸಲ ನುಂಗಿದರೂ ಸೂರ್ಯ ಅವನ ಕುತ್ತಿಗೆಯಿಂದ ಕೆಳಗೆ ಜಾರಿ, ಮೈ ಕೊಡವಿಕೊಂಡು, ಏನೂ ಆಗದವನಂತೆ ಪಡುಗಡಲ ಕಡೆ ಹೊರಟುಬಿಡುತ್ತಿದ್ದ. "ಹೊಟ್ಟಿ ಇಲ್ದನ್ ನುಂಗಿರೆ ಹೆದ್ರುಕಿಲ್ಲೆ ಮಗಾ," ಎಂದು ಅಜ್ಜಿ ಎಲೆಯಡಿಕೆ ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸುತ್ತಿದ್ದಳು. "ಹೊಟ್ಟಿ ಇಪ್ಪವ್ರ್ ನುಂಗದ್ ಮಾತ್ರ ತಿರ್ಗಿ ಬತ್ತಿಲ್ಲೆ."

ಬೀಜಾಡಿಯ ಚಂದಯ್ಯ ಹೆಗ್ಡೆಯವರಿಗೆ ಹೊಟ್ಟೆ ಇತ್ತು. ಅವರು ಬಾಗಿಲು ದಾಟುವ ಮೊದಲೇ ಅದು ದಾಟಿರುತ್ತಿತ್ತು. ಮುಂಬಯಿಯಲ್ಲಿ ಬಹುಕಾಲ ಹೋಟೆಲು ನಡೆಸಿ, ಹುಟ್ಟಿದ ಮಣ್ಣಿನ ಋಣ ತೀರಿಸಬೇಕೆಂದು ಕಡಲ ಬದಿಯಲ್ಲಿ ಮದುವೆ ಹಾಲ್ ಕಟ್ಟಿಸಿದ್ದರು. ಋಣ ತೀರಿಸುವುದು ಅವರು, ಬಾಡಿಗೆ ಕೊಡುವುದು ಊರವರು. ಹಾಲ್‌ನ ಮುಂದೆ ಎಲ್ಲಿಂದಲೋ ತರಿಸಿದ ಹುಲ್ಲಿನ ಲಾನು. ಆ ಪರದೇಶಿ ಹುಲ್ಲಿನ ನಡುವೆ ಊರ ಗರಿಕೆಯೊಂದು ತಲೆಯೆತ್ತಿದರೆ ಹೆಗ್ಡೆಯವರಿಗೆ ಪಂಕ್ತಿಯಲ್ಲಿ ಕರೆಯದ ನೆಂಟ ಬಂದು ಕೂತಂತಾಗುತ್ತಿತ್ತು. ಚೌತಿಯ ದಿನ ಗಣಪತಿಯ ತಲೆಗೆ ಏರಿಸಿದ್ದೂ ಅದೇ ಗರಿಕೆ. ಆದರೆ ಗಣಪತಿ ಲಾನು ಬಾಡಿಗೆಗೆ ಹಿಡಿಯುವವನಲ್ಲವಲ್ಲ.

ಆ ಗರಿಕೆ ಕೀಳುವ ಕೆಲಸ ಸುಗುಣಳದ್ದು. ಕೂತಲ್ಲೇ ಕನಸು ಕಾಣುವ ಹೆಣ್ಣು. ಕೈ ಬೇರಿನಲ್ಲಿ, ಮನಸ್ಸು ಅಜ್ಜಿಯ ಕಥೆಯಲ್ಲಿ. ಒಂದು ಮೂಲೆ ಮುಗಿಸಿ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಮೊದಲನೆಯದರಲ್ಲಿ ಮತ್ತೆ ಚಿಗುರು. ಇದನ್ನು ಕಂಡು ಕಂಡು ಹೆಗ್ಡೆಯವರಿಗೆ ಸಾಕಾಯಿತು. ಪೇಟೆಯಿಂದ ಕಳೆನಾಶಕ ತರಿಸಿದರು. ಊರವರು ಅದನ್ನು ಕರೆಯುವುದು ಹುಲ್ಲಿನ ಮದ್ದು ಎಂದು.

ಆ ವರ್ಷ ದೀಪಾವಳಿಯ ನಡುವೆಯೇ ಸೂರ್ಯಗ್ರಹಣ ಬಂದಿತ್ತು. ಗ್ರಹಣದ ದಿನ ಯಾರೂ ಮದುವೆಯಾಗುವುದಿಲ್ಲ. ತುಳಸಿ ಪೂಜೆ ಕಳೆದರೆ ಮದುವೆಗಳದ್ದೇ ಸಾಲು. ಹೀಗಾಗಿ ಮದ್ದು ಬಿಡಲು ಹೆಗ್ಡೆಯವರಿಗೆ ಇದಕ್ಕಿಂತ ಒಳ್ಳೆಯ ಮುಹೂರ್ತ ಸಿಗಲಿಲ್ಲ. ಅವರೇನೋ ನೀರಿಗೆ ದರ್ಭೆ ಹಾಕಿ, ಕಿಟಕಿ ಮುಚ್ಚಿ, ಜಪಕ್ಕೆ ಕೂತರು. ಕೆಲಸದವರೂ ತಂತಮ್ಮ ಕಿಟಕಿ ಮುಚ್ಚಿಕೊಂಡರು. ಉಳಿದವಳು ಇಲ್ಲ ಎನ್ನಲು ಬಾರದ ಸುಗುಣ. ಅವಳನ್ನು ಕರೆತರಲು ಹೆಗ್ಡೆಯವರು ತಮ್ಮ ಜೀಪನ್ನೇ ಕಳಿಸಿದರು.

ಆ ಜೀಪು ಮನೆಯ ಗೇಟಿನ ಮುಂದೆ ನಿಂತಾಗ ಸುಗುಣಳ ಅತ್ತೆ ಅಮ್ಮಣಿ ಅಂಗಳದಲ್ಲಿದ್ದಳು. ಹೆಗ್ಡೆಯವರ ಜೀಪು! ನೆರೆಯ ಜಲಜಳ ಮನೆ ದಾಟಿ ಬಂದು, ಬೇರೆಲ್ಲೂ ಅಲ್ಲ, ತನ್ನ ಗೇಟಿಗೇ! ಅಂದಿನಿಂದ ಅಮ್ಮಣಿಯ ಬಾಯಲ್ಲಿ ಆ ಜೀಪು ಓಡುತ್ತಲೇ ಇತ್ತು.

ಲಾನಿನಲ್ಲಿ ಮೇಸ್ತ್ರಿ ವೆಂಕಟ ಬೆನ್ನಿಗೆ ಕಟ್ಟುವ ಪಂಪು ಎತ್ತಿಕೊಟ್ಟ. ಕೈಗೆ ಗ್ಲೌಸಿಲ್ಲ, ಮೂಗಿಗೆ ಬಟ್ಟೆಯಿಲ್ಲ.

"ವೆಂಕ್ಟಣ್ಣ, ನಂಗೆ ಎರಡ್ ತಿಂಗ್ಳ್. ಇದ್ರ ವಾಸ್ನಿಗೇ ವಾಂತಿ ಬತ್ತಿತ್," ಎಂದಳು ಸುಗುಣ.

"ಮದ್ದ್ ಹುಲ್ಲಿಗ್ ಬಿಡು ಅಂದದ್ ಮಾರಾಯ್ತಿ, ನಿಂಗ್ ಕುಡಿ ಅಂದ್ನಾ?" ಎಂದ ವೆಂಕಟ, ಮತ್ತು ಅವಳ ಮಾತನ್ನು ಹೆಗ್ಡೆಯವರ ಮುಚ್ಚಿದ ಕಿಟಕಿಗೆ ಮುಟ್ಟಿಸಿ, ಗ್ರಹಣ ಹಿಡಿಯುವ ಮೊದಲು ತಾನು ಮನೆ ಸೇರಿಕೊಂಡ.

ಪಂಪು ಸೋರುತ್ತಿತ್ತು. ಅವಳು ಲಾನಿನ ಉದ್ದಕ್ಕೂ ಮದ್ದು ಬಿಟ್ಟಳು, ಪಂಪು ಅವಳ ಬೆನ್ನ ಉದ್ದಕ್ಕೂ ಬಿಟ್ಟಿತು. ಕಡಲ ಮೇಲೆ ಸೂರ್ಯ ಕಚ್ಚಿದ ಹೋಳಿಗೆಯಂತೆ ಕಾಣುತ್ತಿದ್ದ. ಅಜ್ಜಿಯ ರಾಹು ಎಷ್ಟು ಪಾಪದವನು ಎಂದುಕೊಳ್ಳುತ್ತ ಅವಳು ಗರಿಕೆಗೆ ವಿಷ ಹಾಕಿದಳು.

ಹುಟ್ಟಿದ ಮಗುವಿಗೆ ಮೇಲ್ತುಟಿ ಸೀಳಿತ್ತು, ಅಂಗುಳವೂ ಸೀಳಿತ್ತು. ಶ್ರಾವ್ಯ ಎಂದು ಹೆಸರಿಟ್ಟರು. ಉಚಿತ ಶಿಬಿರವೊಂದರಲ್ಲಿ ತುಟಿ ಹೊಲಿದರು. ಅಂಗುಳಕ್ಕೆ ಒಮ್ಮೆ ಚಿಕಿತ್ಸೆಯಾದರೂ ತೂತು ಪೂರ್ತಿ ಮುಚ್ಚಿರಲಿಲ್ಲ. ಇನ್ನೊಮ್ಮೆ ಆಗಬೇಕಿತ್ತು, ಆಮೇಲೆ ವರ್ಷಗಟ್ಟಲೆ ಮಾತು ಕಲಿಸಬೇಕಿತ್ತು. ಮಗು ಬಾಯಿ ತೆರೆದರೆ ಮಾತೆಲ್ಲ ಮೂಗಿನಿಂದ ಬರುತ್ತಿತ್ತು. ಬಸ್ಸು ಕಂಡರೆ 'ಮಸ್ಸ್' ಎನ್ನುತ್ತಿತ್ತು.

ಕಾರಣ ಮಾತ್ರ ಊರಿಗೆ ಮೊದಲ ದಿನವೇ ಗೊತ್ತಾಗಿತ್ತು. ಆ ಕಾರಣ ಹೊರಟದ್ದು ಅಮ್ಮಣಿಯ ಬಾಯಿಂದಲೇ.

"ಗ್ರಾಣದ್ ಹೊತ್ತಿಗೆ ಬಸ್ರಿ ಹೆಂಗ್ಸ್ ಒಳ್ಗೆ ಕೂಕಂಬ್ಕೋ ಬ್ಯಾಡ್ದೋ? ಇವ್ಳ್ ಕೂಕಂಡಿಲ್ಲೆ. ಮಗಿ ತುಟಿ ಗ್ರಾಣ ಕಚ್ತ್. ಮುಗೀತ್!"

ಇದನ್ನು ಬಾವಿಕಟ್ಟೆಯಲ್ಲಿ ಹೇಳುತ್ತಿದ್ದಳು. ಕೋಟೇಶ್ವರದ ಬಸ್ಸಿನಲ್ಲಿ, ಗೊತ್ತಿಲ್ಲದವರ ಬಯಕೆ ಊಟದಲ್ಲಿ ಪಾಯಸ ಬಡಿಸುವ ನಡುವೆಯೂ ಹೇಳುತ್ತಿದ್ದಳು. ಜೀಪಿನ ಕಥೆಯನ್ನೂ ಅಷ್ಟೇ ಉತ್ಸಾಹದಿಂದ ಹೇಳುತ್ತಿದ್ದಳು, ಆದರೆ ಬೇರೆ ದಿನ. ಎರಡೂ ಒಂದೇ ದಿನದ ಕಥೆ ಎಂಬುದು ಅವಳಿಗೂ ಹೊಳೆಯಲಿಲ್ಲ, ಕೇಳಿದವರಿಗೂ ಹೊಳೆಯಲಿಲ್ಲ. ಕ್ರಮೇಣ ಬಸುರಿಯರು ಸುಗುಣಳನ್ನು ಕಂಡರೆ ಸೆರಗು ಎಳೆದುಕೊಂಡು ಬದಿಗೆ ಸರಿಯತೊಡಗಿದರು. ಗಂಗೊಳ್ಳಿಯ ಬೋಟಿನಲ್ಲಿ ದುಡಿಯುತ್ತಿದ್ದ ಗಂಡ ಮಂಜ ದಡಕ್ಕೆ ಬಂದಾಗಲೆಲ್ಲ ಒಂದೇ ಮಾತು: "ದೊಡ್ಡವ್ರ್ ಸುದ್ದಿ ನಮ್ಗೆಂತಕ್ಕೆ?" ಎಂದವನು ಮತ್ತೆ ಕಡಲಿಗೆ ಹೋಗುತ್ತಿದ್ದ. ಅವನಿಗೆ ಬಿರುಗಾಳಿಯ ಹೆದರಿಕೆಯಿರಲಿಲ್ಲ, ಹೆಗ್ಡೆಯವರದ್ದಿತ್ತು.

ಸುಗುಣ ವಕೀಲೆ ಪ್ರಜ್ಞಾಳ ಕಚೇರಿಯ ಮೆಟ್ಟಿಲು ಹತ್ತಿದ್ದು ಅಂಥದ್ದೊಂದು ಬಯಕೆ ಊಟದಿಂದ ಎದ್ದು ಬಂದ ದಿನ. ಪ್ರಜ್ಞಾ ಶಂಕರನಾರಾಯಣ ಎಂಬ ಊರಿನ ಕಡೆಯ ಅರ್ಚಕರ ಮನೆಯ ಹುಡುಗಿ. ಅಪ್ಪನಿಗೆ ಮಂತ್ರ ಬಾಯಿಪಾಠವಿದ್ದಂತೆ ಅವಳಿಗೆ ಕಾನೂನಿನ ಕಲಮುಗಳು.

"ಎಂತ ಬೇಕ್ ನಿಮ್ಗೆ, ಸರಿ ಹೇಳಿ," ಎಂದಳು.

"ಮಗಿಗೆ ಇನ್ನೊಂದ್ ಆಪರೇಷನ್ ಆಯ್ಕ್. ಮಾತ್ ಕಲ್ಸುಕೆ ಖರ್ಚ್ ಇತ್ತ್. ಅದ್ ಅವ್ರ್ ಕೊಡ್ಕ್." ಸುಗುಣ ಮಗುವನ್ನು ಮಡಿಲಿಗೆ ಎಳೆದುಕೊಂಡಳು. "ಮತ್ತೆ, ಇದ್ ನನ್ ತಪ್ಪಲ್ಲ ಅಂದ್ ಯಾರಾರೂ ಕುರ್ಚಿ ಮೇಲ್ ಕೂಕಂಡವ್ರ್ ಹೇಳ್ಕ್. ನಾಳೆ ಇವ್ಳಿಗೆ ಮಾತ್ ಸರಿ ಬಂದ್ ಮೇಲೆ, ಅಬ್ಬೆ, ನೀ ಎಂತಕ್ಕೆ ಹಾಂಗ್ ಮಾಡ್ದೆ ಅಂದ್ ಕೇಂಬುಕಾಗ."

ಮೊಕದ್ದಮೆ ದಾಖಲಾಯಿತು. ದೊಡ್ಡಾಸ್ಪತ್ರೆಯ ವೈದ್ಯರು ಬಂದು, ಮದ್ದಿನಿಂದಲೇ ಹೀಗಾಯಿತೆಂದು ಖಂಡಿತ ಹೇಳಲಾರೆ, ಆಗಿರಲಿಕ್ಕಿಲ್ಲ ಎಂದೂ ಹೇಳಲಾರೆ, ಆದರೆ ಬಸುರಿಯ ಬೆನ್ನಿಗೆ ಅದನ್ನು ಹೊರಿಸಲೇಬಾರದಿತ್ತು ಎಂದು ನುಡಿದು ಹೋದರು. ಹೆಗ್ಡೆಯವರ ವಕೀಲ ರವಿರಾಜ್ ಕೊಟ್ಟ ಉತ್ತರ ಅದಕ್ಕಿಂತ ಗಟ್ಟಿಯಾಗಿತ್ತು. ನಮ್ಮ ಲಾನಿಗೆ ಕಳೆನಾಶಕ ಬಿಟ್ಟೇ ಇಲ್ಲ; ಬಿಟ್ಟಿದ್ದರೂ ಆ ದಿನವಲ್ಲ, ಆ ದಿನ ಗ್ರಹಣದ ನಿಮಿತ್ತ ಗೇಟಿಗೆ ಬೀಗ; ಆ ದಿನವೇ ಆಗಿದ್ದರೂ ಬಿಟ್ಟವಳು ಸುಗುಣ ಅಲ್ಲ; ಸುಗುಣಳೇ ಆಗಿದ್ದರೂ ತುಟಿ ಸೀಳಿದ್ದು ಗ್ರಹಣ. ಮದ್ದು ಹುಲ್ಲಿನ ಬೇರಿಗೆ ಇಳಿಯುವಂತೆ ಈ ಉತ್ತರ ಎಲ್ಲ ಕಡೆಯಿಂದಲೂ ಇಳಿದಿತ್ತು. ವೆಂಕಟ ಸಾಕ್ಷಿಕಟ್ಟೆ ಹತ್ತಿ ಬೀಗ ತಾನೇ ಹಾಕಿದ್ದೆಂದ. ಜಲಜಳನ್ನು ಕೇಳಿದರೆ ಗ್ರಹಣದ ದಿನ ಅವಳ ಮನೆಯ ಕಿಟಕಿಯೇ ಮುಚ್ಚಿತ್ತಂತೆ, ಜೀಪು ಹೇಗೆ ಕಾಣುತ್ತದೆ?

"ನಿಮ್ ಅತ್ತೆ ಕಂಡಿದ್ರಲೆ?" ಎಂದಳು ಪ್ರಜ್ಞಾ.

"ಕಂಡದ್ದಾ? ಊರಿಗೆಲ್ಲ ಹೇಳಿದ್ರ್. ಆದ್ರೆ ನನ್ ಬದಿಗೆ ಬಂದ್ ಹೇಳ್ತ್ರಾ? ನಾ ಕರ್ದ್ರೆ ಮಜ್ಜಿಗೆ ಕುಡೂಕೂ ಬತ್ತಿಲ್ಲೆ."

ಹೀಗಿರುವಾಗ ಒಂದು ಸಂಜೆ ಹೆಗ್ಡೆಯವರೇ ಮನೆಗೆ ಬಂದರು. ಹೊಟ್ಟೆ ಮೊದಲು, ಅವರು ನಂತರ. ಅಮ್ಮಣಿ ಕುರ್ಚಿಯನ್ನು ಸೆರಗಿನಿಂದಲೇ ಒರೆಸಿದಳು.

"ಕೋರ್ಟ್ ಕಚೇರಿ ನಮ್ಮಂಥವ್ರಿಗಲ್ಲ ಅಮ್ಮಣಿ," ಎಂದರು. "ಅಮಾಸೆಬೈಲಂಗೆ ನಮ್ ಮನಿ ದೈವ ಇತ್ತಲೆ, ಅಲ್ಲಿ ಇತ್ಯರ್ಥ ಮಾಡ್ವ. ಮಗಿ ಹೆಸ್ರಂಗೆ ದೈವಕ್ಕೆ ಬೆಳ್ಳಿ ತುಟಿ ಮಾಡ್ಸಿ ಹಾಕ್ತೆ. ಆಚಾರಿಗೆ ಹೇಳಿಯೂ ಆಯ್ತ್. ಇವ್ಳ್ ಕೇಸ್ ಹಿಂದ್ ತೆಕ್ಕಣ್ಲಿ."

ಕಣ್ಣು ನೋವಾದರೆ ಬೆಳ್ಳಿಯ ಕಣ್ಣು, ಕಾಲು ನೋವಾದರೆ ಬೆಳ್ಳಿಯ ಕಾಲು ದೈವಕ್ಕೆ ಒಪ್ಪಿಸುವುದು ಊರ ಕ್ರಮ. ಆದರೆ ನೋವಾದವರು ಒಪ್ಪಿಸುತ್ತಾರೆ, ನೋವು ಮಾಡಿದವರು ಒಪ್ಪಿಸುವುದು ಹೆಗ್ಡೆಯವರ ಹೊಸ ಪದ್ಧತಿ.

ಸುಗುಣ ಬಾಗಿಲ ಸಂದಿಯಲ್ಲಿ ಮಗುವನ್ನೆತ್ತಿ ನಿಂತಿದ್ದಳು. "ದೈವದ್ ತುಟಿ ಸಮಾ ಇತ್ತಲೆ ಹೆಗ್ಡೇರೆ," ಎಂದಳು. ಆ ಮನೆಯಲ್ಲಿ ಅವಳು ಅಷ್ಟು ಗಟ್ಟಿಯಾಗಿ ಆಡಿದ ಮೊದಲ ಮಾತು ಅದು. ಅಮ್ಮಣಿ ಬಾಯಿಗೆ ಸೆರಗು ಒತ್ತಿಕೊಂಡಳು. ಹೆಗ್ಡೆಯವರು ಬೆಲ್ಲ ನೀರನ್ನೂ ಮುಟ್ಟದೆ ಎದ್ದರು.

ಆದರೆ ಅವರು ಬರಿಗೈಯಲ್ಲಿ ಹೋಗಲಿಲ್ಲ. ಅಮ್ಮಣಿಯ ಬಾಯಿಯಿಂದ ಗ್ರಹಣದ ಕಥೆ ಪೂರ್ತಿ ಕೇಳಿಕೊಂಡೇ ಹೋಗಿದ್ದರು. ಮರುದಿನ ರವಿರಾಜ್ ಕೈ ಉಜ್ಜಿಕೊಂಡ. ಸೊಸೆಯ ವಿರುದ್ಧ ಸಾಕ್ಷಿ ಹೇಳಲು ಅತ್ತೆ ತಾನಾಗಿ ಸಿಕ್ಕಿದರೆ ಬಿಡುವ ವಕೀಲ ಕುಂದಾಪುರದಲ್ಲಿ ಇನ್ನೂ ಹುಟ್ಟಿಲ್ಲ. ಅಮ್ಮಣಿಯನ್ನು ಕಚೇರಿಗೆ ಕರೆಸಿ, ಬೊಂಡದ ಎಳನೀರು ಕುಡಿಸಿ, ಪಾಠ ಹೇಳಿಕೊಟ್ಟ: "ಕಾಣಿ ಅಮ್ಮ, ಗ್ರಾಣದ್ ಸುದ್ದಿ ಎಷ್ಟ್ ಬೇಕಾರೂ ಹೇಳಿ. ಲಾನ್ ಅಂಬು ಶಬ್ದ ಮಾತ್ರ ಬಾಯಂಗೆ ಬಪ್ಪುಕಾಗ."

"ನಾ ಎಂತಕ್ಕೆ ಹೇಳ್ಲಿ?" ಎಂದಳು ಅಮ್ಮಣಿ.

ಸಾಕ್ಷಿಗಳ ಪಟ್ಟಿಯಲ್ಲಿದ್ದ ಅತ್ತೆಯ ಹೆಸರನ್ನು ಸುಗುಣ ಎರಡೆರಡು ಸಲ ಓದಿಸಿ ಕೇಳಿದಳು. ಮನೆಯೊಳಗಿನ ಬೈಗುಳ ಇನ್ನು ಸರಕಾರಿ ಕಾಗದದ ಮೇಲೂ ಬರುತ್ತದಲ್ಲ! ಪ್ರಜ್ಞಾ ಮಾತ್ರ ಹಬ್ಬದೂಟಕ್ಕೆ ಕರೆ ಬಂದವಳಂತೆ ಕಣ್ಣರಳಿಸಿದಳು. "ಅವ್ರೇ ಕರೀತ್ರಾ? ನಮ್ ಪುಣ್ಯ ಕಾಣಿ!"

ವಿಚಾರಣೆಯ ದಿನ ಸುಗುಣ ಮಗುವನ್ನೆತ್ತಿಕೊಂಡು ಬಸ್ಸಿನಲ್ಲಿ ಬಂದಳು. ಅದೇ ಮನೆಯ ಅಮ್ಮಣಿ ಹೆಗ್ಡೆಯವರ ಕಾರಿನಲ್ಲಿ ಬಂದಳು, ಎಸಿ ಗಾಳಿಗೆ ಮೂಗು ಸೋರಿಸುತ್ತ, ಜರಿಸೀರೆಯಲ್ಲಿ. ನ್ಯಾಯಾಧೀಶೆ ಘಟ್ಟದ ಮೇಲಿನವರು. ಈ ಕಡೆಯ ಮಾತು ವೇಗವಾದಾಗಲೆಲ್ಲ ಕೈಯೆತ್ತಿ ನಿಲ್ಲಿಸುತ್ತಿದ್ದರು.

ರವಿರಾಜ್ ಕೇಳಿದ. ಅಮ್ಮಣಿ ಹೇಳಿದಳು. ಗ್ರಹಣ ಎಂದರೇನು, ಬಸುರಿ ಎಲ್ಲಿ ಮಲಗಬೇಕು, ಯಾವ ಕಡೆ ತಲೆಯಿಡಬೇಕು, ಒಲೆಯ ಮೇಲೆ ಎಷ್ಟು ದರ್ಭೆ. ಲಾನು ಅವಳ ಬಾಯಿಗೆ ಬರಲೇ ಇಲ್ಲ. ರವಿರಾಜ್ ಗೆದ್ದ ಮುಖದಿಂದ ಕೂತ.

ಪ್ರಜ್ಞಾ ಎದ್ದಳು. ಅಮ್ಮಣಿಯ ಸೀರೆಯನ್ನು ಮೆಚ್ಚುಗೆಯಿಂದ ನೋಡಿದಳು.

"ಅಮ್ಮ, ಬೀಜಾಡಿಯಿಂದ ಇಲ್ಲಿಗೆ ಹೇಗೆ ಬಂದಿರಿ? ಬಸ್ಸಿನಲ್ಲಿ ತುಂಬ ರಶ್ಶಿತ್ತೇ?"

"ಬಸ್ಸಾ?" ಅಮ್ಮಣಿಗೆ ಅವಮಾನವಾಯಿತು. "ನಾ ಎಂತಕ್ಕೆ ಬಸ್ಸಂಗೆ ಬತ್ತೆ? ಹೆಗ್ಡೇರ್ ಕಾರ್ ಕಳ್ಸಿದ್ರ್."

"ಓಹೋ! ನಿಮ್ಮಂಥವರ ಮನೆಗೆ ಹೆಗ್ಡೆಯವರ ಗಾಡಿ ಬರುವುದೆಂದರೆ... ಇದೇ ಮೊದಲಿರಬೇಕು."

ರವಿರಾಜ್ ಅರ್ಧ ಎದ್ದ. ತಡವಾಗಿತ್ತು. ಅಮ್ಮಣಿಯ ಕುತ್ತಿಗೆ ನೆಟ್ಟಗಾಗಿತ್ತು.

"ಮೊದ್ಲಾ? ಎಂತ ಲಾಯ್ರಮ್ಮ, ಹೀಂಗ್ ಹೇಳ್ತ್ರಿ? ಗ್ರಾಣದ್ ದಿನವೂ ಜೀಪ್ ಕಳ್ಸಿದ್ರ್! ನಮ್ ಗೇಟಿನ್ ಹತ್ರವೇ ನಿಂತದ್. ಹಾರ್ನ್ ಬೇರೆ ಹಾಕಿದ್ರ್. ಬೇಕಾರೆ ಜಲಜನ್ನ ಕೇಣಿ, ಕಿಟ್ಕಿ ಸಂದಿಯಂಗೆ ಕಂಡ್ ಹೊಟ್ಟಿ ಉರ್ಕಂಡದ್ ಅವ್ಳೇ!"

"ಯಾರನ್ನು ಕರೆದುಕೊಂಡು ಹೋಗಲು ಅಮ್ಮ? ನಿಮ್ಮನ್ನೇ?"

"ನನ್ನನ್ನಲ್ಲ, ಇವ್ಳನ್ನ."

"ದೇವಸ್ಥಾನಕ್ಕೆ?"

"ಗ್ರಾಣದ್ ದಿನ ದೇವಸ್ಥಾನಕ್ಕೆ ಯಾರ್ ಹೋತ್ರ್? ಜೀಪ್ ಕಳ್ಸೂದ್ ಕೆಲ್ಸಕ್ಕೇ ಅಲ್ದಾ?" ಎಂದಳು ಅಮ್ಮಣಿ, ಕಾನೂನು ಓದಿದವರಿಗೆ ಇಷ್ಟೂ ಗೊತ್ತಿಲ್ಲವಲ್ಲ ಎಂಬ ಮರುಕದಿಂದ.

ಹೆಗ್ಡೆಯವರು ಕರವಸ್ತ್ರ ಹುಡುಕಿದರು. ಬೀಗ ಹಾಕಿದ್ದ ವೆಂಕಟ ಬಾಗಿಲ ಕಡೆ ನೋಡಿದ. ನ್ಯಾಯಾಧೀಶೆ ಬರೆಸಿಕೊಂಡರು: ಸಾಕ್ಷಿಯ ಸೊಸೆಯನ್ನು ಗ್ರಹಣದ ದಿನ ಪ್ರತಿವಾದಿಯ ಜೀಪಿನಲ್ಲಿ ಕೆಲಸಕ್ಕೆ ಒಯ್ಯಲಾಯಿತು.

ಪ್ರಜ್ಞಾ ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ದನಿ ತಗ್ಗಿಸಿ ಇನ್ನೊಂದು ಕೇಳಿದಳು. "ತಿರುಗಿ ಬರುವಾಗಲೂ ಜೀಪಿತ್ತೇ?"

ಅಮ್ಮಣಿಯ ಕುತ್ತಿಗೆ ಸ್ವಲ್ಪ ಬಾಗಿತು. "ಇಲ್ಲೆ. ನಡ್ಕಂಡ್ ಬಂದದ್."

"ಹೇಗಿದ್ದಳು?"

ಅಮ್ಮಣಿ ಕಟಕಟೆಯ ಮರವನ್ನು ಉಗುರಿನಿಂದ ಕೆರೆದಳು. ಹಿಂದಿನ ಬೆಂಚಿನಲ್ಲಿ ಶ್ರಾವ್ಯ ಏನೋ ಗುನುಗಿದಳು, ಮೂಗಿನಿಂದ.

"ಸೀರಿ ಬೆನ್ನಿಂದ ಕೆಳ್ಗೆ ಪೂರಾ ಚಂಡಿ," ಎಂದಳು ಅಮ್ಮಣಿ ಕಡೆಗೆ. ಚಂಡಿ ಎಂದರೆ ಒದ್ದೆ ಎಂದು ಬೆರಳಚ್ಚುಗಾರ ನ್ಯಾಯಾಧೀಶೆಗೆ ಮೆಲ್ಲಗೆ ಹೇಳಿದ. "ಒಂಥರಾ ವಾಸ್ನಿ. ಬಂದವ್ಳೇ ಬಚ್ಚಲಂಗೆ ಕೂಕಂಡ್ ವಾಂತಿ ಮಾಡ್ದ್ಲ್. ಆ ಸೀರಿ ತೊಳ್ದದ್ ನಾನೇ. ಎಷ್ಟ್ ಸೋಪ್ ಹಾಕಿರೂ ವಾಸ್ನಿ ಹೋಯಿಲ್ಲೆ. ಬೆನ್ನಂಗೆ ಗುಳ್ಳಿ ಎದ್ದಿತ್. ತೆಂಗಿನೆಣ್ಣಿ ಹಚ್ಚಿದೆ."

"ಗ್ರಹಣ ಹಿಡಿದರೆ ಸೀರೆ ಒದ್ದೆಯಾಗುತ್ತದೆಯೇ ಅಮ್ಮ? ಅದಕ್ಕೆ ವಾಸನೆಯಿದೆಯೇ?"

ಅಮ್ಮಣಿ ಇದುವರೆಗೆ ಬೇರೆ ಬೇರೆಯಾಗಿ ಇಟ್ಟುಕೊಂಡಿದ್ದ ಒಂದೇ ದಿನದ ಎರಡು ಕಥೆಗಳು ಆ ಕಟಕಟೆಯೊಳಗೆ ಒಂದಕ್ಕೊಂದು ಬಂದು ತಾಗಿದವು. ಅವಳು ಸುಗುಣಳನ್ನು ನೋಡಿದಳು. ನೋಡಿ, ತಕ್ಷಣ ಹೆಗ್ಡೆಯವರ ಮೇಲೆ ತಿರುಗಿದಳು. ಯಾರ ಮೇಲಾದರೂ ತಿರುಗದೆ ಇದ್ದು ಅವಳಿಗೆ ಅಭ್ಯಾಸವಿರಲಿಲ್ಲ.

"ಹ್ವಾಯ್ ಹೆಗ್ಡೇರೆ! ಬಸ್ರಿ ಹೆಣ್ಣಿನ್ ಬೆನ್ನಿಗೆ ಎಂತ ಹೊಯ್ದ್ ಕಳ್ಸಿದ್ರಿ ನೀವ್?"

"ಸಾಕ್ಷಿ ಪ್ರಶ್ನೆ ಕೇಳುವಂತಿಲ್ಲ," ಎಂದರು ನ್ಯಾಯಾಧೀಶೆ. ಆದರೆ ಅವರೂ ಹೆಗ್ಡೆಯವರನ್ನೇ ನೋಡುತ್ತಿದ್ದರು.

ಊಟದ ಬಿಡುವಿನಲ್ಲಿ ರವಿರಾಜ್ ರಾಜಿಗೆ ಬಂದ. ತೀರ್ಪು ಬಂದು ಪೇಪರಿನಲ್ಲಿ ಸುದ್ದಿಯಾದರೆ ಆ ಲಾನಿನ ಮೇಲೆ ಯಾವ ಮದುಮಗಳು ಕಾಲಿಡುತ್ತಾಳೆ? ಹೆಗ್ಡೆಯವರಿಗೆ ಪಾಪಪ್ರಜ್ಞೆ ಹುಟ್ಟಿದ್ದು ಸರಿಯಾಗಿ ಅಲ್ಲಿಂದ. ಚಿಕಿತ್ಸೆಯ ಖರ್ಚು, ಮಾತು ಕಲಿಸುವ ಖರ್ಚು, ಮಗುವಿನ ಹೆಸರಿನಲ್ಲಿ ಠೇವಣಿ, ಎಲ್ಲಕ್ಕೂ ತಲೆಯಾಡಿಸಿದರು. ಒಂದೇ ಒಂದು ಶಬ್ದ ಸೇರಿಸಿಕೊಳ್ಳಬೇಕು: ಆದದ್ದು 'ದೈವಾಧೀನ'.

"ಅಷ್ಟೇ ಅಲ್ಲವಾ," ಎಂದ ರವಿರಾಜ್, "ಒಂದ್ ಶಬ್ದ. ದುಡ್ಡ್ ಪೂರಾ ಬತ್ತ್."

ಪ್ರಜ್ಞಾ ಸುಗುಣಳನ್ನು ನೋಡಿದಳು. "ನಿಮ್ ಇಷ್ಟ. ಬೇಡ ಅಂದ್ರೆ ಕೇಸ್ ಇನ್ನೆಷ್ಟ್ ವರ್ಷ ಎಳೀತ್ತೋ ನಾ ಹೇಳ್ಲಾರೆ. ಅಪೀಲೂ ಹೋಪುಕ್ಕಿತ್ತ್."

ಸುಗುಣಳಿಗೆ ಆಸೆಯಾಗಲಿಲ್ಲವೆಂದಲ್ಲ. ಮಗುವಿನ ಅಂಗುಳದ ತೂತು ವರ್ಷಗಟ್ಟಲೆ ಕಾಯುವಂಥದ್ದಲ್ಲ. ಆದರೆ ಆ ಶಬ್ದ ಒಳಗೆ ಹೋದರೆ ಗ್ರಹಣವೂ ಅದರ ಸೆರಗು ಹಿಡಿದು ಒಳಗೆ ಹೋಗುತ್ತದೆ. ನಾಳೆ ಮಗು ಮಾತು ಕಲಿತು ಓದುವುದೂ ಅದನ್ನೇ.

"ಬೇಕಾರೆ ಠೇವಣಿ ಕಮ್ಮಿ ಮಾಡ್ಲಿ," ಎಂದಳು. "ಆ ಶಬ್ದ ಬ್ಯಾಡ. ಮದ್ದ್ ಬಿಡ್ಸದ್ ನಾನೇ ಅಂದ್ ಅವ್ರ್ ಅಲ್ಲಿ ನಿಂತ್ ಹೇಳ್ಕ್. ಇಲ್ದಿದ್ರೆ ಎಳೀಲಿ, ನಾ ಬತ್ತೆ ಪ್ರತಿ ಸಲ. ಬಸ್ಸಿತ್ತಲೆ."

ಹೆಗ್ಡೆಯವರು ಅಮ್ಮಣಿಯ ಕಡೆ ತಿರುಗಿದರು. "ನೀವಾರೂ ಸೊಸೆಗೆ ಬುದ್ಧಿ ಹೇಳಿ ಅಮ್ಮಣಿ. ಬೆಳ್ಳಿ ತುಟಿಯೂ ತಯಾರಾಯಿತ್, ಅದನ್ನೂ..."

"ಅದನ್ನ ನೀವೇ ಇಟ್ಕಣಿ," ಎಂದಳು ಅಮ್ಮಣಿ. "ಇನ್ನ್ ಒಳ್ಗೆ ಹೋಯಿ ಸತ್ಯ ಹೇಳ್ಕಲೆ, ಇಪ್ಪ ತುಟಿ ಸಾಕಾತಿಲ್ಲೆ ನಿಮ್ಗೆ."

ಪೇಪರಿನ ಹೆದರಿಕೆಗೆ ಹೆಗ್ಡೆಯವರು ಆ ಶಬ್ದ ಬಿಟ್ಟು ಒಪ್ಪಿದರು. ಮಗುವಿನ ಪಾಲಿನ ರಾಜಿಯಾದ್ದರಿಂದ ಅದಕ್ಕೆ ನ್ಯಾಯಾಧೀಶೆಯ ಒಪ್ಪಿಗೆ ಬೇಕಿತ್ತು. ಅವರು ಹೆಗ್ಡೆಯವರನ್ನೇ ಮುಂದೆ ಕರೆದು, ಆ ದಿನ ಏನಾಯಿತು ಹೇಳಿ ಎಂದರು. ಹೆಗ್ಡೆಯವರು ಕೆಮ್ಮಿದರು. ನೀರು ಕೇಳಿದರು. ಕುಡಿದರು. ಮದುವೆ ಹಾಲ್‌ನ ಉದ್ಘಾಟನೆಯಲ್ಲಿ ಮೈಕು ಬಿಡದೆ ಮಾತಾಡಿದ್ದ ಮನುಷ್ಯ, ಪಕ್ಕದವನಿಗೂ ಕೇಳದ ಹಾಗೆ ಹೇಳಿದರು.

"ಗಟ್ಟಿಯಾಗಿ," ಎಂದರು ನ್ಯಾಯಾಧೀಶೆ.

"ಮದ್ದು ಬಿಡಿಸಿದ್ದು ಹೌದು. ಅವಳ ಹತ್ತಿರವೇ ಬಿಡಿಸಿದ್ದು. ಬಸುರಿ ಅಂತ ವೆಂಕಟ ಹೇಳಿದ್ದ. ಗ್ಲೌಸು ಕೊಟ್ಟಿರಲಿಲ್ಲ."

"ನೀವು ಮೊದಲು ಬರೆದುಕೊಟ್ಟ ಆ ಗ್ರಹಣ?"

"ಅದು... ಅದಕ್ಕೂ ಇದಕ್ಕೂ ಸಂಬಂಧವಿಲ್ಲ."

ಕುರ್ಚಿಯ ಮೇಲೆ ಕೂತವರು ಅದನ್ನು ಬರೆಸಿಕೊಂಡು, ತಾಯಿಯ ಕಡೆಯಿಂದ ಯಾವ ತಪ್ಪೂ ಇಲ್ಲವೆಂದು ತಮ್ಮದೊಂದು ಸಾಲು ಸೇರಿಸಿದರು. ಸುಗುಣಳಿಗೆ ಅಜ್ಜಿಯ ನೆನಪಾಯಿತು. ಅಜ್ಜಿ ಹೇಳಿದ್ದು ಪೂರ್ತಿ ನ್ಯಾಯವಲ್ಲ. ಹೊಟ್ಟೆಯಿದ್ದವರು ನುಂಗಿದ್ದೂ ತಿರುಗಿ ಬರುತ್ತದೆ, ಸ್ವಲ್ಪ ತಿವಿಯಬೇಕು.

ಮರಳುವಾಗ ಅಮ್ಮಣಿಗೆ ಕಾರಿರಲಿಲ್ಲ. ಜರಿಸೀರೆಯಲ್ಲೇ ಸೊಸೆಯ ಹಿಂದೆ ಬಸ್ ಸ್ಟ್ಯಾಂಡಿಗೆ ನಡೆದಳು. ಬಿಸಿಲಿಗೆ ಬೆವರುತ್ತ, "ಮಗಿನ್ ಇಲ್ಲ್ ಕೊಡ್, ಎಷ್ಟ್ ಹೊತ್ತ್ ಎತ್ಕಂತೆ," ಎಂದು ಶ್ರಾವ್ಯಳನ್ನು ಕಿತ್ತುಕೊಂಡಳು. ಕ್ಷಮೆಯ ಮಾತು ಅವಳ ಬಾಯಿಗೆ ಬರುವಂಥದ್ದಲ್ಲ. ಸುಗುಣ ಕಾಯಲೂ ಇಲ್ಲ. ಆದರೆ ಪಕ್ಕದ ಬೆಂಚಿನಲ್ಲಿ ಒಬ್ಬಳು ಬಸುರಿ ಕೂತಿದ್ದಳು. ಮಗುವಿನ ತುಟಿಯ ಹೊಲಿಗೆ ನೋಡಿ ಅವಳು ಸೆರಗು ಎಳೆದುಕೊಳ್ಳುವಷ್ಟರಲ್ಲಿ ಅಮ್ಮಣಿ ಅವಳ ಪಕ್ಕ ಹೋಗಿ ಕೂತೇಬಿಟ್ಟಳು.

"ಎಂತ ಕಾಂತೆ ಹೆಣೆ? ಗ್ರಾಣ ಅಂದ್ಕಂಡ್ಯಾ? ಗ್ರಾಣವೂ ಇಲ್ಲೆ, ಮಣ್ಣೂ ಇಲ್ಲೆ. ಹುಲ್ಲಿನ್ ಮದ್ದ್! ಬೀಜಾಡಿ ಹೆಗ್ಡೇರ್ ಕೋರ್ಟಂಗೆ ನಿಂತ್ ಬಾಯಿ ಬಿಟ್ ಹೇಳ್ದ್ರ್ ಇವತ್ತ್. ಕೇಣ್, ಅವತ್ತ್ ನಮ್ಮನಿ ಗೇಟಿಗೆ ಎರಡೆರಡ್ ಜೀಪ್ ಬಂದಿತ್..."

ಒಂದು ಜೀಪು ಹೆಚ್ಚಾಗಿತ್ತು. ಸುಗುಣ ತಿದ್ದಲಿಲ್ಲ.

ಮುಂದಿನ ತಿಂಗಳು ಹಾಲ್‌ನ ಮುಂದೆ 'ಇದು ಸಾವಯವ ಲಾನು' ಎಂಬ ಬೋರ್ಡು ಬಂತು, ನಾಲ್ಕು ಬದಿಗೆ ದೀಪ ಹಾಕಿ. ಬೆಳ್ಳಿಯ ತುಟಿಯನ್ನು ಆಚಾರಿ ಹಿಂದಕ್ಕೆ ತೆಗೆದುಕೊಳ್ಳಲಿಲ್ಲವಂತೆ. ಹೆಗ್ಡೆಯವರು ಅದನ್ನು ಅಮಾಸೆಬೈಲಿಗೆ ಒಯ್ದು ತಮ್ಮ ದೈವಕ್ಕೇ ಒಪ್ಪಿಸಿದರು. ಕಾಣಿಕೆ ಕೊಟ್ಟವರ ಹೆಸರನ್ನು ಮೈಕಿನಲ್ಲಿ ಕೂಗಿಸುವುದನ್ನೂ ಮರೆಯಲಿಲ್ಲ.

ಸುದ್ದಿ ಕೇಳಿದಾಗ ಅಮ್ಮಣಿ ಮೊಮ್ಮಗಳಿಗೆ ಗಂಜಿ ಉಣಿಸುತ್ತಿದ್ದಳು.

"ಇರ್ಲಿ ಬಿಡ್," ಎಂದಳು. "ಇಷ್ಟ್ ವರ್ಷ ಎಲ್ಲ ಕಂಡೂ ಸುಮ್ನೆ ಕೂಕಂಡಿತ್ತ್ ಆ ದೈವ. ಇನ್ನಾದ್ರೂ ಬಾಯಿ ಬಿಡ್ಲಿ."